1969ರ ಕ್ಯಾಮರೋ ಝಡ್/28: ವಾರಂಟಿಯಲ್ಲಿ ಬಂದ ಬ್ಲಾಕ್ ಉಳಿಸಿಕೊಳ್ಳಲೋ, ಬೇರೆ ಹುಡುಕಲೋ?

ನಾರ್ವುಡ್69 · ಟ್ರಾಯ್, ಮಿಶಿಗನ್

ಎಲ್ಲರಿಗೂ ನಮಸ್ಕಾರ. ಕಳೆದ ಚಳಿಗಾಲದಲ್ಲಿ 1969ರ ಶೆವ್ರೊಲೆ ಕ್ಯಾಮರೋ ಝಡ್/28 ಒಂದನ್ನು ಮೊದಲ ಮಾಲೀಕರ ಮನೆಯವರಿಂದಲೇ ಕೊಂಡೆ. ಬಹಳ ವರ್ಷ ಗ್ಯಾರೇಜಿನಲ್ಲೇ ನಿಂತಿದ್ದ ಗಾಡಿ. ಡಿಕ್ಕಿಯ ತಳ, ಹಿಂದಿನ ಕ್ವಾರ್ಟರ್ ಪ್ಯಾನಲ್‌ಗಳ ಕೆಳಭಾಗ, ಹಿಂಗಾಜಿನ ಸುತ್ತಲಿನ ಅಂಚು ಎಲ್ಲ ತುಕ್ಕು ತಿಂದಿವೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಈ ರಾಜ್ಯದಲ್ಲಿ ಅದು ಆಶ್ಚರ್ಯವಲ್ಲ. ಆದರೆ ಯಾರೂ ಭಾಗ ಕಿತ್ತು ಮಾರಿದ ಗಾಡಿಯಲ್ಲ, ಅದೇ ನನಗೆ ದೊಡ್ಡದು.

ಫೈರ್‌ವಾಲ್ (ಇಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆ) ಮೇಲಿನ ತಗಡಿನ ಪಟ್ಟಿಯಲ್ಲಿ 01ಸಿ ಎಂದಿದೆ, ಅಂದರೆ ಜನವರಿಯ ಮೂರನೇ ವಾರ. 12437 ಅಂದರೆ ವಿ8 ಇಂಜಿನ್ನಿನ ಕ್ಯಾಮರೋ ಕೂಪೆ. ಕಾರ್ಖಾನೆ ನಾರ್ವುಡ್, ಓಹಾಯೋ. ಬಣ್ಣ 57, ಫ್ಯಾದಮ್ ಗ್ರೀನ್. ಕೆಳಗೆ ಎಕ್ಸ್77 ಎಂಬ ಗುರುತು, ಅದು ಝಡ್/28ಕ್ಕೇ ಹಾಕುತ್ತಿದ್ದದ್ದು. ಇಲ್ಲಿಯವರೆಗೆ ಎಲ್ಲ ಸರಿಯಾಗಿ ಕೂತಿತು.

ತೊಡಕು ಇಂಜಿನ್ನಿನಲ್ಲಿದೆ. ವಾರಂಟಿ ಪುಸ್ತಕಕ್ಕೆ ಅಂಟಿಸಿದ ಪ್ರೊಟೆಕ್ಟ್-ಓ-ಪ್ಲೇಟ್ ಉಳಿದಿದೆ. ಆ ಪುಟ್ಟ ಲೋಹದ ಹಲಗೆಯಲ್ಲಿ ಇಂಜಿನ್ ನಂಬರ್ ವಿ0109ಡಿಝಡ್ ಎಂದಿದೆ. ಫ್ಲಿಂಟ್‌ನಲ್ಲಿ ಜನವರಿ 9ರಂದು ಜೋಡಿಸಿದ, ಝಡ್/28ರ 302 ಘನ ಇಂಚಿನ ಇಂಜಿನ್ ಅಂತ ಅರ್ಥ; ಡಿಝಡ್ ಅದರ ಗುರುತು. ಆದರೆ ಗಾಡಿಯಲ್ಲಿರುವ ಬ್ಲಾಕಿನ ಪ್ಯಾಡ್ (ನಂಬರ್ ಅಚ್ಚು ಹಾಕುವ ಸಪಾಟು ಜಾಗ) ಮೇಲೆ ಆ ನಂಬರ್ ಇಲ್ಲ, ಕಾರಿನ ವಿಐಎನ್, ಅಂದರೆ ಗಾಡಿಯ ಗುರುತಿನ ಸಂಖ್ಯೆಯ ತುಣುಕೂ ಇಲ್ಲ. ಸಿಇ9 ಅಂತ ಶುರುವಾಗಿ ಮುಂದೆ ಕ್ರಮಸಂಖ್ಯೆ ಇದೆ. ಬ್ಲಾಕಿನ ಕಾಸ್ಟಿಂಗ್ ನಂಬರ್ 3970010, ಎರಕದ ದಿನ ಎಫ್ 17 9. ಹೆಡ್ಡುಗಳ ಕಾಸ್ಟಿಂಗ್ ನಂಬರಿನ ಕೊನೆ 186, ಎರಡರ ಮೇಲೂ 1968ರ ಡಿಸೆಂಬರ್ ದಿನಾಂಕವಿದೆ. ಕಾರ್ಬ್ಯುರೇಟರ್ ಹಾಲಿ (Holley) ಕಂಪನಿಯದ್ದು, ಲಿಸ್ಟ್ ನಂಬರ್ 4053, ದಿನಾಂಕದ ಅಂಕಿ 974.

ಎಲ್ಲವನ್ನೂ ಆ ಕಾಲದ ಭಾಗಗಳಿಂದಲೇ ಕಟ್ಟಬೇಕೆಂಬುದು ನನ್ನ ಆಸೆ. ಹಾಗಾದರೆ ಈ ಬ್ಲಾಕ್ ಬಿಟ್ಟು, 1969ರ ಜನವರಿಗೆ ಹೊಂದುವ ಇನ್ನೊಂದು ಡಿಝಡ್ ಬ್ಲಾಕ್ ಹುಡುಕಬೇಕೇ? ಅನುಭವ ಇದ್ದವರು ದಯವಿಟ್ಟು ಹೇಳಿ.


ಫ್ಲಿಂಟಿನ ಕಾಗದ · ಷಿಕಾಗೋ

ಅಭಿನಂದನೆಗಳು. ಹಣದ ದೃಷ್ಟಿಯಿಂದ ಮಾತ್ರ ಹೇಳುತ್ತೇನೆ. ಹುಟ್ಟಿದಾಗಿನ ಇಂಜಿನ್ ಇರುವ ಝಡ್/28ಕ್ಕೂ ಇಲ್ಲದ್ದಕ್ಕೂ ಹರಾಜಿನಲ್ಲಿ ದೊಡ್ಡ ಅಂತರ. ನವೆಂಬರ್‌ನಲ್ಲಿ ಇಲ್ಲಿ ರೋಸ್‌ಮಾಂಟ್‌ನಲ್ಲಿ ನಡೆಯುವ ಮಸಲ್ ಕಾರ್ ಪ್ರದರ್ಶನಕ್ಕೆ ಬಂದು ನೋಡಿ, ತೀರ್ಪುಗಾರರು ಟಾರ್ಚ್ ಹಿಡಿದು ಮೊದಲು ನೋಡುವುದೇ ಆ ಪ್ಯಾಡ್.

1968ರ ಡಿಸೆಂಬರ್ ಕೊನೆಯಲ್ಲೋ 1969ರ ಜನವರಿ ಮೊದಲ ದಿನಗಳಲ್ಲೋ ಎರಕವಾದ ನಾಲ್ಕು ಬೋಲ್ಟಿನ ಬ್ಲಾಕ್ ಒಂದನ್ನು ಹಿಡಿಯಿರಿ. ನಿಮ್ಮ ಬಳಿ ಪ್ಲೇಟ್ ಇದೆ, ನಂಬರ್ ಗೊತ್ತಿದೆ. ಪ್ಯಾಡಿನ ಮೇಲೆ ಅದನ್ನೇ ಅಚ್ಚು ಹಾಕಿಸಿ. ಕಾರ್ಖಾನೆ ಹಾಕಿದ್ದ ನಂಬರನ್ನೇ ನೀವು ಮತ್ತೆ ಹಾಕುತ್ತಿದ್ದೀರಿ, ಬೇರೆ ಯಾರದ್ದೋ ಅಲ್ಲ. ಮಾರುವಾಗ ಹೇಳಿದರಾಯಿತು. ಹೀಗೆ ಮಾಡಿದ ಗಾಡಿಗಳು ಎಷ್ಟೋ ಇವೆ.


ಹಳೇ ಗಾಡಿ ರಾಯರು · ಸಿನ್ಸಿನಾಟಿ, ಓಹಾಯೋ

ಸ್ವಲ್ಪ ತಡೀರಿ. ಅಚ್ಚಿನ ಮಾತು ಆಮೇಲೆ. ಮೊದಲು ಆ ಗಾಡಿ ಏನು ಹೇಳುತ್ತಿದೆ ಅಂತ ಓದೋಣ, ಯಾಕೆಂದರೆ ನೀವು ಕೊಟ್ಟ ಅಂಕಿಗಳಲ್ಲೇ ಅರ್ಧ ಉತ್ತರ ಇದೆ.

ಎರಕದ ದಿನಾಂಕದಲ್ಲಿ ಅಕ್ಷರ ತಿಂಗಳು. ಎ ಜನವರಿ, ಎಲ್ ಡಿಸೆಂಬರ್, ನಡುವಿನದು ಕ್ರಮವಾಗಿ. ಎಫ್ 17 9 ಅಂದರೆ 1969ರ ಜೂನ್ 17. ಗಾಡಿ ಹುಟ್ಟಿ ಐದು ತಿಂಗಳ ಮೇಲೆ ಎರಕವಾದ ಬ್ಲಾಕ್. ಸಿಇ ಅಚ್ಚು ಶೆವ್ರೊಲೆ ವಾರಂಟಿಯಲ್ಲಿ ಬದಲಿಸಿ ಕೊಡುತ್ತಿದ್ದ ಬ್ಲಾಕುಗಳದ್ದು, ಅದರ ಮುಂದಿನ 9 ಎಂದರೆ 1969. ಹಾಲಿ ಕಾರ್ಬ್ಯುರೇಟರಿನ ಮೂರು ಅಂಕಿಯಲ್ಲಿ ಮೊದಲನೆಯದು ವರ್ಷ, ಎರಡನೆಯದು ತಿಂಗಳು, ಮೂರನೆಯದು ವಾರ. 974 ಅಂದರೆ 1969ರ ಜುಲೈ ನಾಲ್ಕನೇ ವಾರ. ಹೆಡ್ಡುಗಳು ಮಾತ್ರ ಹಿಂದಿನ ಡಿಸೆಂಬರಿನವು, ಅಂದರೆ ಗಾಡಿಯ ಜೊತೆ ಹುಟ್ಟಿದವು.

ಈಗ ಜೋಡಿಸಿ ನೋಡಿ. 1969ರ ಬೇಸಿಗೆಯ ಕೊನೆಗೆ ಈ ಗಾಡಿಯ ಇಂಜಿನ್ ಕೆಳಭಾಗ ಒಡೆದಿದೆ. ಡೀಲರ್ ಹೊಸ ಬ್ಲಾಕ್ ತರಿಸಿ, ಹಳೆಯ ಹೆಡ್ಡುಗಳನ್ನೇ ಹಾಕಿ ಕೊಟ್ಟಿದ್ದಾರೆ. ಕಾರ್ಬ್ಯುರೇಟರೂ ಆಗಲೇ ಬಂದಿರಬಹುದು, ಸ್ವಲ್ಪ ಆಮೇಲೂ ಬಂದಿರಬಹುದು. ಆಗ ಶೆವ್ರೊಲೆಯ ಮೂಲ ಕಂಪನಿ ಜಿಎಂ ಇಂಜಿನ್, ಗೇರ್ ಬಾಕ್ಸುಗಳಿಗೆ 5 ವರ್ಷ ಅಥವಾ 50,000 ಮೈಲಿ ವಾರಂಟಿ ಕೊಡುತ್ತಿತ್ತು. ಝಡ್/28ಗಳಲ್ಲಿ ಇದು ಅಪರೂಪವೂ ಅಲ್ಲ. ಈ ಇಂಜಿನ್ ಹುಟ್ಟಿದ್ದೇ ಅಮೆರಿಕದ ರೇಸಿಂಗ್ ಸಂಸ್ಥೆ ಎಸ್‌ಸಿಸಿಎ ನಡೆಸುತ್ತಿದ್ದ ಟ್ರಾನ್ಸ್-ಆ್ಯಮ್ ರೇಸಿನ 5 ಲೀಟರ್ ಮಿತಿಗಾಗಿ. 4 ಇಂಚು ಬೋರ್ (ಸಿಲಿಂಡರಿನ ಅಗಲ) ಇದ್ದ 327 ಇಂಜಿನ್ನಿನ ಅಳತೆಗೆ 283 ಇಂಜಿನ್ನಿನ 3 ಇಂಚು ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಸೇರಿಸಿ 302 ಮಾಡಿದರು. ಕೆಳಗಿನ ಆರ್‌ಪಿಎಂನಲ್ಲಿ ಸಪ್ಪೆ, ಮೇಲಕ್ಕೆ ಹೋದಂತೆ ಜೀವ ಬರುವ ಇಂಜಿನ್. 290 ಅಶ್ವಶಕ್ತಿ ಅಂತ ಬರೆದುಕೊಂಡರೂ ನಿಜವಾದ ಬಲ ಅದಕ್ಕಿಂತ ಹೆಚ್ಚೆಂದು ಓಡಿಸಿದವರೆಲ್ಲ ಹೇಳುತ್ತಾರೆ. 1968 ಮತ್ತು 1969ರಲ್ಲಿ ಪೆನ್ಸ್ಕೆ ತಂಡದ ಮಾರ್ಕ್ ಡೊನಹ್ಯೂ ಇದೇ ಗಾಡಿಯಲ್ಲಿ ಟ್ರಾನ್ಸ್-ಆ್ಯಮ್ ಗೆದ್ದರು. ಅದನ್ನು ಕಂಡು ಗಾಡಿ ಕೊಂಡ ಹುಡುಗರು ಗೇರ್ ತಪ್ಪಿಸಿ ಇಂಜಿನ್ ಒಡೆದುಕೊಂಡದ್ದೂ ಅಷ್ಟೇ ನಿಜ.

ಹಾಗಾಗಿ ಸಿಇ ಬ್ಲಾಕನ್ನು ಹೊರಗಿನ ಭಾಗ ಅಂತ ನಾನು ಎಣಿಸುವುದಿಲ್ಲ. ಅದು ಆ ಕಾಲದ್ದೇ, ಆ ಕಾರಿಗಾಗಿಯೇ ಬಂದದ್ದು, ಶೆವ್ರೊಲೆಯೇ ಕೊಟ್ಟದ್ದು. 1969ರಲ್ಲಿ ಇದೇ ಗಾಡಿ ಇದೇ ಬ್ಲಾಕಿನಿಂದ ಓಡಿದೆ.


ಫ್ಲಿಂಟಿನ ಕಾಗದ · ಷಿಕಾಗೋ

ರಾಯರೇ, ಓದು ಚೆನ್ನಾಗಿದೆ, ಒಪ್ಪುತ್ತೇನೆ. ಆದರೂ ಕೊಳ್ಳುವವನಿಗೆ ಅದು ಹುಟ್ಟಿದಾಗಿನ ಇಂಜಿನ್ ಅಲ್ಲ ಅನ್ನುವುದು ಬದಲಾಗುವುದಿಲ್ಲವಲ್ಲ.


ಹಳೇ ಗಾಡಿ ರಾಯರು · ಸಿನ್ಸಿನಾಟಿ, ಓಹಾಯೋ

ಬದಲಾಗುವುದಿಲ್ಲ. ಬದಲಿಸಲೂಬಾರದು. ಮಾರುವಾಗ ಹೇಳಿದರಾಯಿತು ಅಂತೀರಿ. ನೀವು ಹೇಳುತ್ತೀರಿ, ನಿಮ್ಮಿಂದ ಕೊಂಡವರೂ ಹೇಳಬಹುದು. ಮೂರನೆಯವರ ಹೊತ್ತಿಗೆ ಕಾಗದ ಕಳೆದಿರುತ್ತದೆ, ಕಬ್ಬಿಣದ ಮೇಲಿನ ಸುಳ್ಳು ಮಾತ್ರ ಉಳಿದಿರುತ್ತದೆ. 1968ರಿಂದ ಇಂಜಿನ್ನಿನ ಮೇಲೆ ವಿಐಎನ್ ತುಣುಕು ಹಾಕುತ್ತಿದ್ದದ್ದೇ ಕಳವು ತಡೆಯಲಿಕ್ಕೆ. ವಾಹನದ ಗುರುತಿನ ಸಂಖ್ಯೆಗಳನ್ನು ಅಳಿಸುವುದು, ತಿದ್ದುವುದು ಅಮೆರಿಕದ ಫೆಡರಲ್ ಕಾನೂನಿನಲ್ಲೇ ಅಪರಾಧದ ವಿಷಯ. ಈ ಹಾದಿಗೆ ಹೋಗುವ ಮುನ್ನ ವಕೀಲರನ್ನು ಕೇಳಬೇಕಾಗುತ್ತದೆ ಅಂದರೆ, ಅದು ರಿಸ್ಟೋರೇಷನ್ ಕೆಲಸವೇ ಅಲ್ಲ.

ಇನ್ನು ಸಿಕ್ಕಿಬೀಳುವ ವಿಷಯ. ಫ್ಲಿಂಟ್‌ನಲ್ಲಿ ಬ್ಲಾಕಿನ ಮೇಲ್ಮೈಯನ್ನು ಬ್ರೋಚ್ ಯಂತ್ರದಿಂದ ಸಪಾಟು ಮಾಡುತ್ತಿದ್ದರು. ಆ ಯಂತ್ರ ಪ್ಯಾಡಿನ ಮೇಲೆ ಸಣ್ಣ ಸಣ್ಣ ನೇರ ಗೆರೆಗಳನ್ನು ಉದ್ದಕ್ಕೆ ಬಿಡುತ್ತದೆ. ಅಚ್ಚು ಆ ಗೆರೆಗಳ ಮೇಲೆ ಬಿದ್ದಿರುತ್ತದೆ. ಯಾರೋ ಹಳೆಯ ಅಚ್ಚು ಅಳಿಸಲು ಮಿಲ್ಲಿಂಗ್ ಮಾಡಿದ್ದರೆ ಗೆರೆಗಳು ಮಾಯವಾಗಿ ಕಮಾನಿನಾಕಾರದ ಗುರುತು ಬರುತ್ತದೆ. ಮರಳು ಕಾಗದದಲ್ಲಿ ನೇರ ಗೆರೆ ಎಳೆದು ಮುಚ್ಚಲು ನೋಡುವವರಿದ್ದಾರೆ. ಭೂತಗನ್ನಡಿ ಹಿಡಿದವರಿಗೆ ಅದರ ಆಳವೇ ಬೇರೆ ಕಾಣುತ್ತದೆ. ಅಕ್ಷರದ ಆಕಾರ, ಒಂದಕ್ಕೊಂದರ ಅಂತರ, ಎಲ್ಲಕ್ಕೂ ಹೋಲಿಸಿ ನೋಡಲು ಅಸಲಿ ಪ್ಯಾಡುಗಳ ಫೋಟೊ ಇಟ್ಟುಕೊಂಡವರು ಇದ್ದಾರೆ.

ಮತ್ತೊಂದು ಮಾತು. ಅಮೆರಿಕದಲ್ಲಿ ಮಾರಾಟವಾದ ಆ ಕಾಲದ ಕ್ಯಾಮರೋಗಳಿಗೆ ಪಾಂಟಿಯಾಕ್ ಗಾಡಿಗಳಿಗಿರುವಂತೆ ಕಾರ್ಖಾನೆಯ ದಾಖಲೆ ತರಿಸಿಕೊಳ್ಳುವ ದಾರಿ ಇಲ್ಲ. ಫೋರ್ಡ್ ಇಟ್ಟುಕೊಂಡವರಿಗೆ ಕಾರ್ಖಾನೆಯ ದಾಖಲೆಯಿಂದ ತೆಗೆದ ಮಾರ್ಟಿ ವರದಿ ಸಿಗುತ್ತದೆ, ಕೆನಡಾದಲ್ಲಿ ಮಾರಾಟವಾದ ಜಿಎಂ ಗಾಡಿಗೂ ದಾಖಲೆ ಸಿಗುತ್ತದೆ. ನಮಗೆ ಸಾಕ್ಷಿ ಅಂದರೆ ಗಾಡಿಯ ಮೈಯೇ. ಅದನ್ನು ಕೆಡಿಸಿದರೆ ಕೇಳಲು ಇನ್ನೊಬ್ಬರಿಲ್ಲ.


ಎಲ್‌ಎಸ್ ಹುಡುಗ · ಆಸ್ಟಿನ್, ಟೆಕ್ಸಸ್

ಬೇಸರ ಮಾಡಿಕೊಳ್ಳಬೇಡಿ, ಪ್ರಾಮಾಣಿಕವಾಗಿ ಕೇಳುತ್ತಿದ್ದೇನೆ. ಜಿಎಂನ ಹೊಸ ಪೀಳಿಗೆಯ ಎಲ್‌ಎಸ್ ಇಂಜಿನ್, ಐದು ಗೇರಿನ ಬಾಕ್ಸ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಹಾಕಿದರೆ ದಿನಾ ಆಫೀಸಿಗೆ ಓಡಿಸಬಹುದು. ನನ್ನ 1971ರ ನೋವಾ ಹಾಗೇ ಇದೆ. ಓಡಿಸುವ ಸುಖ ಮುಖ್ಯ ಅಲ್ಲವೇ?


ನಾರ್ವುಡ್69 · ಟ್ರಾಯ್, ಮಿಶಿಗನ್

ಖಂಡಿತ ಮುಖ್ಯ. ನಿಮ್ಮ ನೋವಾದ ಬಗ್ಗೆ ನನಗೆ ಗೌರವವಿದೆ. ಆದರೆ ನನಗೆ ಬೇಕಾದದ್ದು 1969ರಲ್ಲಿ ಕೂತರೆ ಹೇಗಿತ್ತೋ ಆ ಅನುಭವ. ಗಟ್ಟಿ ಕ್ಲಚ್, ಮಂಚೀ ಅನ್ನುವ ಆ ಕಾಲದ ನಾಲ್ಕು ಗೇರಿನ ಬಾಕ್ಸಿನ ಶಬ್ದ, ತಣ್ಣಗಿದ್ದಾಗ ಟ್ಯಾಪೆಟ್ ಟಕಟಕ ಅನ್ನುವುದು, ಅದೆಲ್ಲ ಬೇಕು. ಈ ಗಾಡಿ ಎಸಿ ಇಲ್ಲದೆ, ನಾಲ್ಕು ಗೇರಿನ ಮ್ಯಾನ್ಯುವಲ್ ಆಗಿ ಮಾತ್ರ ಬಂದದ್ದು, ಹಾಗೇ ಇರಲಿ.


ಎಲ್‌ಎಸ್ ಹುಡುಗ · ಆಸ್ಟಿನ್, ಟೆಕ್ಸಸ್

ಅರ್ಥವಾಯಿತು ಸರ್. ಇಷ್ಟು ಪೂರ್ತಿ ಉಳಿದ ಗಾಡಿಯನ್ನು ನಾನೂ ಕತ್ತರಿಸುತ್ತಿರಲಿಲ್ಲ. ನನ್ನದು ಇಂಜಿನ್ನೇ ಇಲ್ಲದ ಖಾಲಿ ಬಾಡಿಯಾಗಿ ಸಿಕ್ಕಿದ್ದು.


ಹುಬ್ಬಳ್ಳಿ ಬೋರಿಂಗ್ · ಹುಬ್ಬಳ್ಳಿ

ನಮಸ್ಕಾರ್ರೀ ಸರ್. ನಾ ಅಮೆರಿಕಾ ಗಾಡಿ ಮುಟ್ಟಿದವ ಅಲ್ಲ. ಬ್ಲಾಕ್ ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ನಮ್ಮ ಮನಿತನದ ಕೆಲಸ. ಒಂದು ಪ್ರಶ್ನೆ ಐತಿ. 3970010 ಅನ್ನೋ ಕಾಸ್ಟಿಂಗ್ ಒಂದೇ ಇಂಜಿನ್ನಿಗೆ ಬಂದದ್ದೇನು, ಬ್ಯಾರೆಕ್ಕೂ ಬಂದದ್ದೇನು? ಬೋರ್ 4 ಇಂಚು ಅಂತೀರಿ. ಅದೇ ಬ್ಲಾಕಿನ್ಯಾಗ ಕ್ರ್ಯಾಂಕ್ ಬದ್ಲಿ ಹಾಕಿದ್ರ ಸಿಸಿನೇ ಬದ್ಲಿ ಆಗ್ತದ. ಸಿಇ ಅಂತ ಅಚ್ಚು ಇದ್ರ ಒಳಗ ಏನ್ ಐತಿ ಅಂತ ಹ್ಯಾಂಗ ಗೊತ್ತಾಗಬೇಕ್ರೀ? ಹೆಡ್ ಬಿಚ್ಚೀರಿ ಅಂದ್ರ ಮೊದಲ ಸ್ಟ್ರೋಕ್ ಅಳತಿ ತಗೋರಿ.


ಹಳೇ ಗಾಡಿ ರಾಯರು · ಸಿನ್ಸಿನಾಟಿ, ಓಹಾಯೋ

ಎಲ್ಲರಿಗಿಂತ ಮುಖ್ಯ ಪ್ರಶ್ನೆ ಕೇಳಿದ್ದೀರಿ. ಅದೇ ಕಾಸ್ಟಿಂಗ್ 350ಕ್ಕೂ ಬಂದಿದೆ. 3.48 ಇಂಚು ಸ್ಟ್ರೋಕ್ ಇದ್ದರೆ 350, 3 ಇಂಚು ಇದ್ದರೆ 302. ನಡುವೆ ಯಾರಾದರೂ 350ರ ಸಿಇ ಬ್ಲಾಕ್ ಕೂರಿಸಿದ್ದರೆ ನಾನು ಮೇಲೆ ಬರೆದದ್ದೆಲ್ಲ ಬಿದ್ದುಹೋಗುತ್ತದೆ. ನಾರ್ವುಡ್ ಅವರೇ, ಅಳೆದು ಹೇಳಿ. ಹಾಗೇ ಕೆಳಗಿನಿಂದ, ಕ್ರ್ಯಾಂಕನ್ನು ಹಿಡಿದಿಡುವ ಮೇನ್ ಕ್ಯಾಪ್‌ಗಳ ಫೋಟೊ ತೆಗೆಯಿರಿ, 1969ರ 302ರಲ್ಲಿ ನಡುವಿನ ಕ್ಯಾಪ್‌ಗಳಿಗೆ ನಾಲ್ಕು ಬೋಲ್ಟ್ ಇರಬೇಕು. ಕ್ರ್ಯಾಂಕ್ ಫೋರ್ಜ್ ಮಾಡಿದ ಉಕ್ಕಿನದಾಗಿರಬೇಕು. ಎರಕದ ಕ್ರ್ಯಾಂಕಿನಲ್ಲಿ ಅಚ್ಚು ಕೂಡಿದ ಗೆರೆ ತೆಳ್ಳಗೆ ಚೂಪಾಗಿರುತ್ತದೆ, ಫೋರ್ಜ್ ಮಾಡಿದ್ದರಲ್ಲಿ ಅಗಲವಾಗಿ ಉಜ್ಜಿದಂತಿರುತ್ತದೆ.


ನಾರ್ವುಡ್69 · ಟ್ರಾಯ್, ಮಿಶಿಗನ್

ಅಳೆದೆ. ಪಿಸ್ಟನ್ ಮೇಲಿಂದ ಕೆಳಕ್ಕೆ ಸರಿಯಾಗಿ 3 ಇಂಚು. ಮೇನ್ ಕ್ಯಾಪ್ ನಾಲ್ಕು ಬೋಲ್ಟಿನವು. ಕ್ರ್ಯಾಂಕಿನ ಗೆರೆ ಅಗಲವಾಗಿದೆ. ಹುಬ್ಬಳ್ಳಿಯ ಸರ್, ನಿಮಗೆ ಅನಂತ ವಂದನೆ.

ಮೊದಲ ಮಾಲೀಕರ ಮಗಳನ್ನೂ ಕೇಳಿದೆ. ಬಿಲ್ ಇಲ್ಲ. ಅಪ್ಪನ ಗಾಡಿ ಹೊಸದರಲ್ಲೇ ಬಹಳ ದಿನ ಡೀಲರ್ ಹತ್ತಿರ ನಿಂತಿತ್ತು, ಆಗ ಚಿಕ್ಕಪ್ಪನ ಟ್ರಕ್ ತೆಗೆದುಕೊಂಡು ಕೆಲಸಕ್ಕೆ ಹೋಗುತ್ತಿದ್ದರು ಅಂತ ತಾಯಿ ಹೇಳುತ್ತಿದ್ದರಂತೆ. ಇಷ್ಟೇ ಗೊತ್ತಾದದ್ದು.


ಹುಬ್ಬಳ್ಳಿ ಬೋರಿಂಗ್ · ಹುಬ್ಬಳ್ಳಿ

ಭಾಳ ಚಲೋ ಆತ್ರೀ. ಇನ್ನ ಮಷೀನ್ ಶಾಪಿಗೆ ಕೊಡೋ ಮುಂದ ಒಂದು ಮಾತು ಬಾಯಾಗ ಹೇಳಬ್ಯಾಡ್ರಿ, ಚೀಟಿ ಬರದು ಬ್ಲಾಕಿಗೆ ಕಟ್ರಿ: ಮ್ಯಾಲಿನ ಫೇಸ್ ಹೊಡೀಬ್ಯಾಡ್ರಿ ಅಂತ. ನಮ್ಮಂಥವರ ಕೈಗೆ ಬ್ಲಾಕ್ ಬಂತಂದ್ರ ಫೇಸಿಂಗ್ ಮಾಡೋದು ಒಂದು ರೂಢಿ. ಆ ಅಚ್ಚು ಇರೋ ಜಾಗಾ ಅದೇ ಫೇಸಿನ ಮುಂದಿನ ತುದಿಗೆ ಐತಿ. ಒಂದು ಸಲ ಕಟರ್ ಹೋತಂದ್ರ ಹೋತು. ಮೊದಲ ಸ್ಟ್ರೇಟ್ ಎಡ್ಜ್ ಇಟ್ಟು ಫೀಲರ್ ಗೇಜ್ ಹಾಕಿ ನೋಡ್ರಿ. ಸಪಾಟ ಇದ್ರ ಮುಟ್ಟೋ ಕೆಲಸಾನ ಇಲ್ಲ. ಬೋರ್ ಸುದ್ದಾ ಹಂಗ. ಹೋನಿಂಗ್‌ನ್ಯಾಗ ಮುಗೀತಿದ್ರ ಓವರ್‌ಸೈಜಿಗೆ ಹೋಗಬ್ಯಾಡ್ರಿ. ಲೋಹ ತಗದದ್ದು ಮತ್ತ ಬರಂಗಿಲ್ಲ.


ಮೈಸೂರು ಜಾವಾ · ಮೈಸೂರು

ಈ ಮಾತು ನಮ್ಮಲ್ಲೂ ಅಷ್ಟೇ ನಿಜ. ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೆ ಜಾವಾ, ಯೆಜ್ದಿ ಕಟ್ಟುವವರೆಲ್ಲ ಒಂದೇ ಪ್ರಶ್ನೆ ಎದುರಿಸುತ್ತೇವೆ. ಮಾಸಿದ ಒರಿಜಿನಲ್ ಟ್ಯಾಂಕ್ ಇಟ್ಟುಕೊಳ್ಳಬೇಕೋ, ಹೊಸದಾಗಿ ಕ್ರೋಮ್ ಮಾಡಿದ ನಕಲಿ ತರಬೇಕೋ ಅಂತ. ನನ್ನ ಜಾವಾದಲ್ಲಿ ಹಳೆಯ ಟ್ಯಾಂಕನ್ನೇ ಒಳಗಿನಿಂದ ತೊಳೆಸಿ, ಸಣ್ಣ ತೂತುಗಳಿಗೆ ಬೆಸುಗೆ ಹಾಕಿಸಿ ಉಳಿಸಿಕೊಂಡೆ. ಹೊಸ ತಗಡಿನ ಮಡಿಕೆ ಎಷ್ಟು ಮಾಡಿದರೂ ಹಳೆಯದರ ಹಾಗೆ ಕೂರುವುದಿಲ್ಲ. ಕ್ಯಾಮರೋ ತಗಡು ಹೇಗೆ ಸಾರ್? ಹೊಸದು ಸಿಗುತ್ತದೆಯೇ?


ಹಳೇ ಗಾಡಿ ರಾಯರು · ಸಿನ್ಸಿನಾಟಿ, ಓಹಾಯೋ

ಸಿಗುತ್ತದೆ. 1969ರ ಕ್ಯಾಮರೋದ ಇಡೀ ಬಾಡಿಯೇ ಈಗ ಹೊಸದಾಗಿ ಸಿಗುತ್ತದೆ. ಅದೇ ಅಪಾಯ ಕೂಡ. ಕ್ವಾರ್ಟರ್ ಪ್ಯಾನಲ್ ಕೆಳಗೆ ಒಂದು ಗೇಣು ಕೊಳೆತಿದ್ದರೆ ಇಡೀ ಪ್ಯಾನಲ್ ಕಿತ್ತು ಹೊಸದು ಹಾಕುತ್ತಾರೆ, ಅದು ಬೇಗ ಮುಗಿಯುತ್ತದೆ. ಕೊಳೆತಷ್ಟನ್ನೇ ಕತ್ತರಿಸಿ ಅಷ್ಟಕ್ಕೇ ತಗಡು ಬೆಸೆಯಿರಿ. ಟಿಂಕರಿಂಗ್ ಮಾಡುವವರಿಗೆ ಕೂಲಿ ಹೆಚ್ಚಾಗುತ್ತದೆ, ಆದರೆ ಛಾವಣಿ ಮತ್ತು ಕ್ವಾರ್ಟರ್ ಸೇರುವಲ್ಲಿ ಕಾರ್ಖಾನೆಯವರು ಸೀಸ ತುಂಬಿ ತಿದ್ದಿದ ಜೋಡಣೆ ಹಾಗೇ ಉಳಿಯುತ್ತದೆ. ಹಿಂಗಾಜಿನ ಅಂಚು, ವೈಪರ್ ಕೆಳಗಿನ ಗಾಳಿ ಬರುವ ಪೆಟ್ಟಿಗೆ, ಅದರ ನೀರು ಹೋಗುವ ತೂತು, ಇವನ್ನು ಬಿಚ್ಚದೆ ಬಣ್ಣಕ್ಕೆ ಹೋಗಬೇಡಿ. ಒಳಗಿನಿಂದ ತುಕ್ಕು ಮತ್ತೆ ಬರುತ್ತದೆ.


ಬಣ್ಣದಕ್ಕ · ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ

ರಾಯರೇ, ಬಣ್ಣದ ಮಾತು ಬಂತಲ್ಲ, ನಾನು ಸೇರಿಕೊಳ್ಳುತ್ತೇನೆ. ತಮ್ಮಾ ನಾರ್ವುಡ್, ಹೀಟರ್ ಬಾಕ್ಸ್ ಬಿಚ್ಚಿದಾಗ ಫೈರ್‌ವಾಲ್ ಮೇಲೆ ಅದರ ಹಿಂದೆ ಒಂದು ಅಡಗಿದ ವಿಐಎನ್ ಅಚ್ಚು ಸಿಗುತ್ತದೆ. ವೈಪರ್ ಕೆಳಗಿನ ಮುಚ್ಚಳ ತೆಗೆದರೆ ಇನ್ನೊಂದು. ಮೊದಲು ಅವುಗಳ ಫೋಟೊ ತೆಗಿ. ಎಷ್ಟೋ ಪೇಂಟ್ ಶಾಪುಗಳಲ್ಲಿ ದಪ್ಪ ಪ್ರೈಮರ್ ಹೊಡೆದು ಅದನ್ನು ಮುಚ್ಚಿಬಿಡುತ್ತಾರೆ. ಈ ಗಾಡಿಯ ಬಾಡಿ ಅದೇ ಎನ್ನುವುದಕ್ಕೆ ಅದಕ್ಕಿಂತ ಗಟ್ಟಿ ಪುರಾವೆ ಇನ್ನೊಂದಿಲ್ಲ.

ಅಸಲಿ ಫ್ಯಾದಮ್ ಗ್ರೀನ್ ಎಲ್ಲಿ ಉಳಿದಿರುತ್ತದೆ ಅಂದರೆ ಬಿಸಿಲು ಬೀಳದ ಕಡೆ. ಡಿಕ್ಕಿಯ ರಬ್ಬರ್ ಕೆಳಗೆ, ಬಾಗಿಲಿನ ಕೆಳಗಿನ ಅಲ್ಯೂಮಿನಿಯಂ ಪಟ್ಟಿಯ ಅಡಿ, ಡ್ಯಾಶ್‌ಬೋರ್ಡಿನ ಹಿಂದೆ. ಅಂಗಡಿಯ ಕಂಪ್ಯೂಟರ್ ಕೊಡುವ ಸೂತ್ರವನ್ನು ಕಣ್ಣುಮುಚ್ಚಿ ನಂಬಬೇಡ, ಆ ತುಣುಕಿನ ಜೊತೆ ಇಟ್ಟು ಹಗಲು ಬೆಳಕಲ್ಲಿ ಹೋಲಿಸು. ಹಳೆಯ ಮೆಟಾಲಿಕ್‌ನ ಅಲ್ಯೂಮಿನಿಯಂ ಪುಡಿ ಈಗಿನದಕ್ಕಿಂತ ಬೇರೆಯಾಗಿ ಮಿನುಗುತ್ತದೆ.

ಜಿಎಂ ಆಗ ಹೊಡೆಯುತ್ತಿದ್ದದ್ದು ಅಕ್ರಿಲಿಕ್ ಲ್ಯಾಕರ್. ಹೊಡೆದು ಒಲೆಯಲ್ಲಿ ಬೇಯಿಸಿ, ದೋಷಗಳನ್ನು ಉಜ್ಜಿ ತೆಗೆದು, ಮತ್ತೆ ಬೇಯಿಸುತ್ತಿದ್ದರು. ಎರಡನೇ ಸಲದ ಬಿಸಿಗೆ ಬಣ್ಣ ಕರಗಿ ಹರಿದು ಉಜ್ಜಿದ ಗೀರು ತಾನೇ ಕೂಡಿಕೊಳ್ಳುತ್ತಿತ್ತು. ಕ್ರೈಸ್ಲರ್ ಗಾಡಿಗಳಿಗೆ ಎನಾಮಲ್, ಅದರ ಹೊಳಪೇ ಬೇರೆ. ಈಗ ನನ್ನ ರಾಜ್ಯದಲ್ಲಿ ಗಾಳಿ ಮಾಲಿನ್ಯದ ನಿಯಮಗಳಿಂದ ಲ್ಯಾಕರ್ ಹೊಡೆಯುವುದು ಕಷ್ಟ. ಲ್ಯಾಕರ್ ವರ್ಷ ಕಳೆದಂತೆ ಬಿರುಕೂ ಬಿಡುತ್ತದೆ. ಈಗಿನ ಬೇಸ್ ಕೋಟ್, ಕ್ಲಿಯರ್ ಕೋಟ್‌ನಲ್ಲೇ ಮಾಡಿಸಿದರೆ ನಾನು ತಪ್ಪು ಹೇಳುವುದಿಲ್ಲ, ಆದರೆ ಕ್ಲಿಯರ್ ಕಡಿಮೆ ಹೊಡೆಸು. ಗಾಜಿನ ಪೆಟ್ಟಿಗೆಯೊಳಗಿಟ್ಟ ಹಾಗೆ ಹೊಳೆಯುವ 1969ರ ಗಾಡಿ ಕಂಡರೆ ನನಗೆ ಸಂಕಟವಾಗುತ್ತದೆ. ಬಾಗಿಲಿನ ಒಳಅಂಚುಗಳಲ್ಲಿ ಕಾರ್ಖಾನೆಯವರು ತೆಳ್ಳಗೆ ಹೊಡೆಯುತ್ತಿದ್ದರು, ಅಲ್ಲಲ್ಲಿ ಒರಟಾಗಿಯೇ ಬಿಡುತ್ತಿದ್ದರು. ಅದನ್ನೂ ಹಾಗೇ ಮಾಡಿಸು.

ತಳಭಾಗ ಕೆರೆಯುವ ಮುನ್ನ ಇಂಚಿಂಚೂ ಫೋಟೊ. ಸೀಮೆಸುಣ್ಣದ ಅಂಕಿ, ಬೋಲ್ಟ್ ಮೇಲೆ ಪರೀಕ್ಷಕರು ಹಚ್ಚಿದ ಬಣ್ಣದ ಚುಕ್ಕಿ, ಪಕ್ಕದಿಂದ ಹಾರಿ ಬಿದ್ದ ಹಸಿರು ತುಂತುರು ಎಲ್ಲವೂ ಆ ಜನವರಿ ವಾರದಲ್ಲಿ ನಾರ್ವುಡ್‌ನಲ್ಲಿ ಕೆಲಸ ಮಾಡಿದವರ ಕೈಗುರುತು. ತೊಳೆದ ಮೇಲೆ ನೆನಪಿನಿಂದ ಬರೆಯಲಾಗದು.


ನಾರ್ವುಡ್69 · ಟ್ರಾಯ್, ಮಿಶಿಗನ್

ಅಕ್ಕಾ, ಡಿಕ್ಕಿಯ ರಬ್ಬರ್ ಕೆಳಗೆ ಅಂಗೈಯಗಲ ಹಸಿರು ಸಿಕ್ಕಿತು. ಮೇಲಿನ ಬಣ್ಣಕ್ಕಿಂತ ತುಂಬಾ ಕಪ್ಪು ಹಸಿರು.

ಈಗ ಸಣ್ಣ ಭಾಗಗಳ ಪ್ರಶ್ನೆ. ಪ್ಲಗ್ ವೈರ್, ಹೋಸ್ ಕ್ಲಾಂಪ್, ಬ್ಯಾಟರಿ, ಟೈರ್, ಶಾಕ್ ಅಬ್ಸಾರ್ಬರ್ ಒಂದೂ ಹಳೆಯದಿಲ್ಲ. ಜಿಎಂ ಡಬ್ಬಿಯಲ್ಲೇ ಇರುವ ಹಳೆಯ ಹೊಸ ಭಾಗಗಳಿಗೆ ಕೇಳುವ ಬೆಲೆ ನೋಡಿ ಬೆಚ್ಚಿದೆ. ಎಲ್ಲಿ ಖರ್ಚು ಮಾಡಲಿ, ಎಲ್ಲಿ ಬಿಡಲಿ?


ಹಳೇ ಗಾಡಿ ರಾಯರು · ಸಿನ್ಸಿನಾಟಿ, ಓಹಾಯೋ

ನನ್ನ ಲೆಕ್ಕ ಹೇಳುತ್ತೇನೆ, ಎಲ್ಲರೂ ಒಪ್ಪಬೇಕಿಲ್ಲ.

ಈ ಗಾಡಿಯ ಜೊತೆ ಹುಟ್ಟಿದ ಭಾಗ ಎಷ್ಟೇ ಸವೆದಿದ್ದರೂ ಅದನ್ನೇ ರಿಪೇರಿ ಮಾಡಿಸಿ ಹಾಕಿ. ಅದು ಆಗದಿದ್ದರೆ ಬೇರೆ ಗಾಡಿಯಿಂದ ಬಿಚ್ಚಿದ, ದಿನಾಂಕ ಹೊಂದುವ ಭಾಗ. ದಿನಾಂಕ ಗಾಡಿ ಕಟ್ಟಿದ ವಾರಕ್ಕಿಂತ ಹಿಂದಿನದಾಗಿರಬೇಕು, ತೀರಾ ಹಿಂದೆಯೂ ಹೋಗಬಾರದು, ಒಂದೆರಡು ತಿಂಗಳು ಸಹಜ. ಡಬ್ಬಿಯಲ್ಲಿನ ಜಿಎಂ ಭಾಗಕ್ಕೆ ನಾನು ಮೂರನೇ ಸ್ಥಾನ ಕೊಡುತ್ತೇನೆ, ಇದು ಕೇಳಿ ಹಲವರು ಜಗಳ ಮಾಡುತ್ತಾರೆ. ಕೌಂಟರಿನಲ್ಲಿ ಮಾರಲು ವರ್ಷಗಳ ಮೇಲೆ ಮಾಡಿದ ಭಾಗಕ್ಕೂ ಅಸೆಂಬ್ಲಿ ಲೈನಿಗೆ ಹೋದ ಭಾಗಕ್ಕೂ ಎಷ್ಟೋ ಸಲ ಆಕಾರ, ಲೇಪ, ಗುರುತು ಬೇರೆ. ಡಬ್ಬಿ ಹಳೆಯದು ಅಂದಮಾತ್ರಕ್ಕೆ 1969ರ ಜನವರಿಗೆ ಸರಿಹೊಂದುವುದಿಲ್ಲ. ಡಬ್ಬಿಗೆ ಹಣ ಕೊಡಬೇಡಿ.

ಪ್ಲಗ್ ವೈರ್ ಮೇಲೆ ಆಗ ತ್ರೈಮಾಸಿಕ ಮತ್ತು ವರ್ಷ ಅಚ್ಚಾಗುತ್ತಿತ್ತು. ನಿಮಗೆ 4-ಕ್ಯೂ-68 ಎಂದಿರುವುದು ಬೇಕು. ಒಳ್ಳೆಯ ರೀಪ್ರೊಡಕ್ಷನ್ ಸಿಗುತ್ತದೆ, ಅದನ್ನೇ ಹಾಕಿ. ಹಳೆಯ ವೈರ್ ಹುಡುಕಿ ಹಾಕಿದರೆ ಮಿಸ್‌ಫೈರ್ ಮಾತ್ರ ಬರುತ್ತದೆ. ಕ್ಲಾಂಪ್‌ಗಳಿಗೂ ಬ್ಯಾಟರಿ ಹೊದಿಕೆಗೂ ಅದೇ ಮಾತು. ಅಲ್ಯೂಮಿನಿಯಂ ಇನ್‌ಟೇಕ್ ಮ್ಯಾನಿಫೋಲ್ಡ್ ಮೇಲೆ ವಿಂಟರ್ಸ್ ಫೌಂಡ್ರಿಯ ಹಿಮದ ಹೂವಿನ ಗುರುತು ಇದೆಯೇ ನೋಡಿ, 3932472 ಇರಬೇಕು. ಇದ್ದರೆ ಅದನ್ನು ಮರಳಿನಿಂದ ಬ್ಲಾಸ್ಟ್ ಮಾಡಿಸಲೇಬೇಡಿ, ಎರಕದ ಮೈ ಹಾಳಾಗುತ್ತದೆ. ಬಿಸಿನೀರು, ಸೋಪು, ಬ್ರಷ್ ಸಾಕು. ಗೇರ್ ಬಾಕ್ಸಿನ ಮೇಲೆ ಪಿ9ಎ ಅಂತ ಶುರುವಾಗಿ ದಿನಾಂಕ ಇರಬೇಕು. ಪಿ ಮಂಚೀ, 9 ವರ್ಷ, ಎ ಜನವರಿ, ಕೊನೆಯಲ್ಲಿ ಬಿ ಇದ್ದರೆ ಎಂ21 ಎಂಬ ಬಗೆ. ಜೊತೆಗೆ ಕಾರಿನ ನಂಬರಿನ ತುಣುಕೂ ಇರುತ್ತದೆ. ಶಿಫ್ಟರ್ (ಗೇರ್ ಹಾಕುವ ಕೋಲು) 1969ರಲ್ಲಿ ಕಾರ್ಖಾನೆಯಿಂದಲೇ ಹರ್ಸ್ಟ್ ಕಂಪನಿಯದ್ದು ಬರುತ್ತಿತ್ತು, ಅದನ್ನು ಆಮೇಲೆ ಹಾಕಿದ್ದು ಅಂತ ಯಾರಾದರೂ ಹೇಳಿ ಕೀಳಿಸಿಯಾರು, ಜೋಪಾನ.

ಪ್ರಾಣಕ್ಕೆ ಸಂಬಂಧಿಸಿದ್ದರಲ್ಲಿ ಹಳೆಯದು ಬೇಡವೇ ಬೇಡ. ಬ್ರೇಕ್ ಹೋಸ್, ಪೆಟ್ರೋಲ್ ಪೈಪಿನ ರಬ್ಬರ್, ಟೈರ್ ಹೊಸದೇ. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ಹಳೆಯ ರಬ್ಬರನ್ನು ತಿಂದುಹಾಕುತ್ತದೆ. ಅದನ್ನು ತಡೆಯುವ ಹೋಸ್ ಮತ್ತು ಕಾರ್ಬ್ಯುರೇಟರ್ ಕಿಟ್ ತನ್ನಿ, ಹೊರಗಿನಿಂದ ಯಾರಿಗೂ ಗೊತ್ತಾಗುವುದಿಲ್ಲ. ಆ ಕಾಲದ ಬ್ರೇಕ್ ಶೂಗಳಲ್ಲಿ ಆ್ಯಸ್‌ಬೆಸ್ಟಾಸ್ ಇದೆ. ಡ್ರಮ್ಮಿಗೆ ಕಂಪ್ರೆಸರ್ ಗಾಳಿ ಹೊಡೆಯಬೇಡಿ, ಒದ್ದೆ ಮಾಡಿ ಒರೆಸಿ. ಟೈರ್ ವಿಷಯದಲ್ಲಿ ಇ70-15 ಅಳತೆಯ ಬಿಳಿ ಅಕ್ಷರದ್ದು ರೀಪ್ರೊಡಕ್ಷನ್ ಸಿಗುತ್ತದೆ. ಪ್ರದರ್ಶನಕ್ಕೆ ಅದು, ಹೆದ್ದಾರಿಗೆ ಇನ್ನೊಂದು ಜೊತೆ ಚಕ್ರದಲ್ಲಿ ರೇಡಿಯಲ್. ಹಳೆಯ ಬಗೆಯ ಟೈರ್ ರಸ್ತೆಯ ಗೆರೆ ಸಿಕ್ಕ ಕಡೆ ಗಾಡಿಯನ್ನು ಎಳೆಯುತ್ತದೆ.


ಫ್ಲಿಂಟಿನ ಕಾಗದ · ಷಿಕಾಗೋ

ಡಬ್ಬಿಯ ಮಾತು ನೂರಕ್ಕೆ ನೂರು ಸರಿ. ಬ್ಲಾಕಿನ ವಿಷಯದಲ್ಲೂ ರಾಯರ ಮಾತು ಕೇಳಿ ಯೋಚಿಸಿದೆ. ಸ್ಟ್ರೋಕ್ ಹೊಂದಿದ ಮೇಲೆ, ಹೆಡ್ಡುಗಳೂ ಪ್ಲೇಟೂ ಜೊತೆಗಿರುವಾಗ, ಸಿಇ ಬ್ಲಾಕಿನ ಈ ಗಾಡಿಗೆ ತಿಳಿದ ಗಿರಾಕಿ ಒಳ್ಳೆಯ ಬೆಲೆಯನ್ನೇ ಕೊಡುತ್ತಾನೆ. ಅಚ್ಚು ಹಾಕಿಸಿದ ಗಾಡಿಗಿಂತ ಇದನ್ನು ನಾನೂ ಮೊದಲು ಕೊಳ್ಳುತ್ತೇನೆ. ಮಗಳು ಹೇಳಿದ ಮಾತನ್ನು ಅವರ ಸಹಿಯೊಂದಿಗೆ ಕಾಗದದಲ್ಲಿ ಬರೆಸಿಕೊಳ್ಳಿ. ಮುಂದೆ ಅದೇ ದಾಖಲೆ.


ನಾರ್ವುಡ್69 · ಟ್ರಾಯ್, ಮಿಶಿಗನ್

ತೀರ್ಮಾನ ಮಾಡಿದೆ. ಸಿಇ ಬ್ಲಾಕ್ ಉಳಿಯುತ್ತದೆ. ಪ್ಯಾಡಿಗೆ ಯಾರೂ ಕೈ ಹಾಕುವುದಿಲ್ಲ. 974ರ ಕಾರ್ಬ್ಯುರೇಟರೂ ಉಳಿಯುತ್ತದೆ, ಅದೇ ಬೇಸಿಗೆಯದ್ದಲ್ಲವೇ. ಇಂಜಿನ್ ಕೋಣೆಯ ಉಳಿದ ಭಾಗವೆಲ್ಲ ಜನವರಿಗೆ, ಇವೆರಡು ಮಾತ್ರ ಆಗಸ್ಟಿಗೆ. ಪತ್ರವನ್ನು ಮಗಳಿಂದ ಬರೆಸಿಕೊಳ್ಳುತ್ತೇನೆ.

ಒಂದೇ ಚಿಂತೆ. ಕಂಪ್ರೆಷನ್ 11ಕ್ಕೆ 1 ಇದೆ. ಇಲ್ಲಿನ ಬಂಕಿನಲ್ಲಿ 93 ಆಕ್ಟೇನ್ ಮೇಲೆ ಸಿಗುವುದಿಲ್ಲ. ಪಿಸ್ಟನ್ ಬದಲಿಸಲು ಮನಸ್ಸಿಲ್ಲ.


ಹುಬ್ಬಳ್ಳಿ ಬೋರಿಂಗ್ · ಹುಬ್ಬಳ್ಳಿ

ಪಿಸ್ಟನ್ ಬದ್ಲಿ ಮಾಡಬ್ಯಾಡ್ರಿ. ಕಂಪನಿ ಹೆಡ್ ಗ್ಯಾಸ್ಕೆಟ್ ತೆಳ್ಳಗಿನ ಉಕ್ಕಿನ ಹಾಳೆ ಇದ್ದಿರಬೇಕು. ಅದರ ಬದ್ಲಿ ದಪ್ಪನ್ನ ಕಾಂಪೊಸಿಟ್ ಗ್ಯಾಸ್ಕೆಟ್ ಹಾಕಿದ್ರ ಕಂಪ್ರೆಷನ್ ಸ್ವಲ್ಪ ಇಳೀತದ. ಹೊರಗ ಕಾಣಂಗಿಲ್ಲ, ಬೇಕಾದಾಗ ತಗೀಬಹುದು. ಲೋಹ ಏನೂ ಕಡದಂಗ ಆಗಂಗಿಲ್ಲ.


ಹಳೇ ಗಾಡಿ ರಾಯರು · ಸಿನ್ಸಿನಾಟಿ, ಓಹಾಯೋ

ಹುಬ್ಬಳ್ಳಿಯವರು ಹೇಳಿದ್ದೇ ಮಾಡಿ. ಇದರ ಕ್ಯಾಮ್‌ನಲ್ಲಿ ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಹೊತ್ತು ಜಾಸ್ತಿ, ಹಾಗಾಗಿ ಕೆಳಗಿನ ವೇಗದಲ್ಲಿ ಒತ್ತಡ ಕಾಗದದ ಮೇಲಿರುವಷ್ಟು ಏರುವುದಿಲ್ಲ. ದಪ್ಪ ಗ್ಯಾಸ್ಕೆಟ್, 93 ಆಕ್ಟೇನ್, ಟೈಮಿಂಗ್ ಎಚ್ಚರಿಕೆಯಿಂದ ಇಟ್ಟರೆ ಓಡುತ್ತದೆ. ಟ್ಯಾಪೆಟ್ ಅಂತರ ಬಿಸಿಯಲ್ಲಿ 0.030 ಇಂಚು, ಇನ್‌ಟೇಕ್‌ಗೂ ಎಕ್ಸಾಸ್ಟ್‌ಗೂ. ಹೊಸ ಕ್ಯಾಮ್ ಹಾಕಿದರೆ ಜಿಂಕ್ ಹೆಚ್ಚಿರುವ ಆಯಿಲ್ ಕಡ್ಡಾಯ. ಮೊದಲ ಸಲ ಶುರು ಮಾಡಿದಾಗ ಐಡಲಿಗೆ ಬಿಡದೆ 2,000 ಆರ್‌ಪಿಎಂ ಮೇಲೆ ಇಪ್ಪತ್ತು ನಿಮಿಷ ಓಡಿಸಿ. ಇಲ್ಲವಾದರೆ ಕ್ಯಾಮ್ ಲೋಬ್ ಸವೆದುಹೋಗುತ್ತದೆ.


ನಾರ್ವುಡ್69 · ಟ್ರಾಯ್, ಮಿಶಿಗನ್

ಎಲ್ಲ ಬರೆದುಕೊಂಡೆ. ಸೋಮವಾರ ಬ್ಲಾಕ್ ಮಷೀನ್ ಶಾಪಿಗೆ ಹೋಗುತ್ತದೆ. ಚೀಟಿಯನ್ನು ತಂತಿಯಲ್ಲಿ ಕಟ್ಟಿದ್ದೇನೆ, ಪ್ಯಾಡಿನ ಫೋಟೊ ಮತ್ತು ಪೆನ್ಸಿಲ್ ಉಜ್ಜಿ ತೆಗೆದ ಪ್ರತಿ ಎರಡೂ ನನ್ನ ಹತ್ತಿರ ಇವೆ.


ಹುಬ್ಬಳ್ಳಿ ಬೋರಿಂಗ್ · ಹುಬ್ಬಳ್ಳಿ

ಮೇನ್ ಕ್ಯಾಪ್ ಬಿಚ್ಚೋ ಮೊದಲ ಒಂದರಿಂದ ಐದರ ತನಕ ನಂಬರ್ ಹಾಕ್ರಿ, ಮುಂದಿನ ಕಡೆ ಯಾವುದು ಅಂತ ಬಾಣದ ಗುರುತು ಮಾಡ್ರಿ. ಕ್ಯಾಪ್ ಅದಲು ಬದಲು ಆದ್ರ ಲೈನ್ ಬೋರಿಂಗ್ ಮಾಡಬೇಕಾಗ್ತದ. ಮತ್ತ ಬ್ಲಾಕ್ ವಾಪಸ್ ಬಂದ ಮ್ಯಾಲೆ ಆಯಿಲ್ ಹೋಗೋ ತೂತು ಒಂದೊಂದನ್ನೂ ಉದ್ದನ ಬ್ರಷ್ ಹಾಕಿ ನೀವ ತೊಳೀರಿ, ಅವರು ತೊಳದೀವಿ ಅಂದ್ರೂ ಸೈತ.